ಕಾರಿಲ್ಲದೆ ಬರುವ ಅತಿಥಿ: ಮಲೆನಾಡಿನ ಹೋಂಸ್ಟೇಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸುವವರಿಗಾಗಿ ಈ ಪ್ರಶ್ನೋತ್ತರ. ಅತಿಥಿಗಳು ರೈಲಿನಲ್ಲೋ ಬಸ್ಸಿನಲ್ಲೋ ಬರುವಂತೆ ಮಾಡುವುದು ಹೇಗೆ, ಬಂದವರನ್ನು ಸುತ್ತಾಡಿಸುವುದು ಹೇಗೆ, ಕರೆಂಟಿನ ಗಾಡಿ ತಂದರೆ ಏನು ಮಾಡಬೇಕು, ಇಷ್ಟೇ ಇಲ್ಲಿರುವ ವಿಷಯ.

ಬರುವವರೆಲ್ಲ ಕಾರಲ್ಲೇ ಬರುತ್ತಾರೆ. ನಾವು ಹೇಳಿದರೆ ಬಿಡುತ್ತಾರಾ?

ಬರೀ ಹೇಳಿದರೆ ಬಿಡುವುದಿಲ್ಲ. ಬೆಂಗಳೂರಿನಿಂದ ಸಾಗರದವರೆಗೆ ರಾತ್ರಿ ಮಲಗಿಕೊಂಡು ಬರಬಹುದು ಅನ್ನುವುದು ಅವರಿಗೂ ಗೊತ್ತು. ಗೊತ್ತಿಲ್ಲದ್ದು ಬಸ್ ಸ್ಟಾಪಿನಿಂದ ನಿಮ್ಮ ಅಂಗಳದವರೆಗಿನ ಎಂಟು ಹತ್ತು ಕಿಲೋಮೀಟರ್. ಅಲ್ಲಿ ಆಟೋ ಸಿಗುತ್ತದೋ ಇಲ್ಲವೋ, ಫೋನ್ ಸಿಗ್ನಲ್ ಇರುತ್ತದೋ ಇಲ್ಲವೋ, ಮಳೆ ಬಂದರೆ ಎಲ್ಲಿ ನಿಲ್ಲುವುದು? ಈ ಎಂಟು ಕಿಲೋಮೀಟರಿನ ಅಂಜಿಕೆಗೆ ಜನ ಮುನ್ನೂರೈವತ್ತು ಕಿಲೋಮೀಟರ್ ಕಾರು ಓಡಿಸುತ್ತಾರೆ.

ಎರಡನೆಯ ಅಂಜಿಕೆ, ಬೆಳಿಗ್ಗೆ ಐದಾರು ಗಂಟೆಗೆ ಬಂದಿಳಿದರೆ ಮಧ್ಯಾಹ್ನದವರೆಗೆ ರೂಮಿಲ್ಲದೆ ಏನು ಮಾಡುವುದು. ಮೂರನೆಯದು, ಜೋಗ ನೋಡಲು ಹೋಗುವುದು ಹೇಗೆ. ಈ ಮೂರಕ್ಕೆ ಬುಕಿಂಗ್ ಮಾಡುವಾಗಲೇ ಉತ್ತರ ಕೊಟ್ಟರೆ ಕಾರು ಬಿಟ್ಟು ಬರುವವರು ಸಿಕ್ಕೇ ಸಿಗುತ್ತಾರೆ. ಪರಿಸರದ ಭಾಷಣದಿಂದ ಒಬ್ಬರೂ ಬದಲಾಗುವುದಿಲ್ಲ.

ಇದರಿಂದ ನಿಜವಾಗಿ ಎಷ್ಟು ಇಂಧನ ಉಳಿಯುತ್ತದೆ?

ಲೆಕ್ಕ ಸುಲಭ. ಬೆಂಗಳೂರಿನಿಂದ ಸಾಗರ ರಸ್ತೆಯಲ್ಲಿ ಹತ್ತಿರಹತ್ತಿರ 370 ಕಿ.ಮೀ., ಹೋಗಿ ಬರಲು 740. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರಿಗೆ ಸುಮಾರು 49 ಲೀಟರ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಕಾರೊಂದಕ್ಕೆ 113 ಕಿಲೋ. ಇಬ್ಬರೇ ಬಂದರೆ ತಲಾ 56, ಐದು ಜನ ಬಂದರೆ ತಲಾ 23. ಹಾಗಾಗಿ ಐದು ಜನ ತುಂಬಿದ ಸಣ್ಣ ಕಾರಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬೇಡ. ನೀವು ಮೊದಲು ಮಾತಾಡಬೇಕಾದದ್ದು ದೊಡ್ಡ ಗಾಡಿಯಲ್ಲಿ ಇಬ್ಬರೇ ಬರುವವರ ಹತ್ತಿರ. ರೈಲು ಹತ್ತುವುದೂ ಇಬ್ಬರಿಗೇ ಸಲೀಸು.

ಬೋರ್ಡಿನಲ್ಲಿ ‘ಹಸಿರು ಹೋಂಸ್ಟೇ’ ಅಂತ ಬರೆಯುವ ಬದಲು ಈ ಲೀಟರಿನ ಲೆಕ್ಕ ಬರೆಯಿರಿ. ಜನ ನಂಬುತ್ತಾರೆ.

ರೈಲು ಎಲ್ಲಿಯವರೆಗೆ ಬರುತ್ತದೆ? ಅತಿಥಿಗೆ ಯಾವ ಸ್ಟೇಷನ್ ಹೇಳಬೇಕು?

ಬೀರೂರಿನಲ್ಲಿ ಕವಲೊಡೆಯುವ ಲೈನು ತರೀಕೆರೆ, ಭದ್ರಾವತಿ, ಶಿವಮೊಗ್ಗ, ಆನಂದಪುರ, ಸಾಗರ ದಾಟಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಒಂದು ಕಾಲಕ್ಕೆ ಶಿವಮೊಗ್ಗದಿಂದ ಆಚೆ ಬಸ್ಸಿನಂಥ ರೈಲೊಂದು ಓಡುತ್ತಿತ್ತು. ಬ್ರಾಡ್‌ಗೇಜ್ ಆದ ಮೇಲೆ ಮೈಸೂರಿನಿಂದ ಬೆಂಗಳೂರಿನ ಮೇಲೆ ಹಾಯ್ದು ರಾತ್ರಿ ರೈಲು ತಾಳಗುಪ್ಪದ ತನಕ ಬರುತ್ತದೆ, ಹಗಲಿಗೆ ಇಂಟರ್‌ಸಿಟಿ ಇದೆ. ಬೆಂಗಳೂರು–ಶಿವಮೊಗ್ಗ ನಡುವೆ ಜನಶತಾಬ್ದಿ ಇದೆ, ಅದರಲ್ಲಿ ಕೂರುವ ಸೀಟು ಮಾತ್ರ.

ಎಡವಟ್ಟಾಗುವುದು ಸ್ಟೇಷನ್ ಹೆಸರಿನಲ್ಲಿ. ಟಿಕೆಟ್ ಆ್ಯಪ್‌ನಲ್ಲಿ ‘ಸಾಗರ್’ ಅಂತ ಹುಡುಕಿದರೆ ಮಧ್ಯಪ್ರದೇಶದ ಊರು ಬಂದು ಕೂರುತ್ತದೆ. ನಮ್ಮದು ‘ಸಾಗರ ಜಂಬಗಾರು’, ಕೋಡ್ ಎಸ್‌ಆರ್‌ಎಫ್. ಶಿವಮೊಗ್ಗದಲ್ಲಿ ಇಳಿಯಬೇಕಾದದ್ದು ‘ಶಿವಮೊಗ್ಗ ಟೌನ್’, ಎಸ್‌ಎಂಇಟಿ. ತಾಳಗುಪ್ಪಕ್ಕೆ ಟಿಎಲ್‌ಜಿಪಿ. ಈ ಕೋಡುಗಳನ್ನೇ ಅತಿಥಿಗೆ ಕಳಿಸಿ, ಹೆಸರಿನ ಗೊಂದಲ ಇರುವುದಿಲ್ಲ.

ಜೋಗದ ಹತ್ತಿರ ಮನೆಯಿದ್ದರೆ ತಾಳಗುಪ್ಪ ಹೇಳಿ, ಅಲ್ಲಿಂದ ಜಲಪಾತಕ್ಕೆ ಸುಮಾರು 15 ಕಿ.ಮೀ., ಸಾಗರದಿಂದಾದರೆ 30. ಹೆಗ್ಗೋಡು, ಇಕ್ಕೇರಿ, ಸಿಗಂದೂರು ಕಡೆಯವರು ಸಾಗರ ಹೇಳಿ. ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಶಿವಮೊಗ್ಗ ಟೌನೇ ಗತಿ, ಅಲ್ಲಿಂದ ಬಸ್ಸು. ಕರಾವಳಿ ಕಡೆಯಿಂದ ಬರುವವರಿಗೆ ಕೊಂಕಣ ರೈಲಿನ ಉಡುಪಿ, ಬೈಂದೂರು, ಹೊನ್ನಾವರ ಸ್ಟೇಷನ್‌ಗಳಿವೆ ಅನ್ನುವುದನ್ನು ನಮ್ಮವರೇ ಮರೆಯುತ್ತಾರೆ.

ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಮೊದಲಿದ್ದ 120 ದಿನ ಹೋಯಿತು. ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ, ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ. ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆ ಬೇಕು. ಡಿಸೆಂಬರ್ ಕೊನೆಯ ವಾರಕ್ಕೆ ಯಾರಾದರೂ ರೂಮು ಕೇಳಿದರೆ ಅಡ್ವಾನ್ಸ್ ತಗೊಳ್ಳುವ ಹೊತ್ತಿಗೇ ಟಿಕೆಟ್ ಯಾವ ದಿನ ತೆರೆಯುತ್ತದೆ ಅಂತ ಲೆಕ್ಕ ಹಾಕಿ ತಿಳಿಸಿಬಿಡಿ.

ರೈಲಲ್ಲಿ ಬಂದವರಿಗೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕೇ?

ಬೇಡ. ರಿಯಾಯಿತಿಗಿಂತ ಕೆಲಸ ಮಾಡುವುದು ಒಂದು ಬಚ್ಚಲುಮನೆ ಮತ್ತು ಒಂದು ಲೋಟ ಕಾಫಿ. ರಾತ್ರಿ ರೈಲು, ರಾತ್ರಿ ಬಸ್ಸು ಎರಡೂ ಬೆಳಗಿನ ಜಾವ ಇಳಿಸುತ್ತವೆ. ನಿಮ್ಮ ಚೆಕ್‌ಇನ್ 12 ಗಂಟೆಗೆ. ನಡುವಿನ ಆರು ಗಂಟೆ ಎಲ್ಲಿ ಕೂರುವುದು ಅನ್ನುವ ಯೋಚನೆಗೇ ಎಷ್ಟೋ ಸಂಸಾರಗಳು ಕಾರು ತೆಗೆಯುತ್ತವೆ.

ಹೊರಗಡೆ ಬಾಗಿಲಿರುವ ಒಂದು ಬಾತ್‌ರೂಮ್, ಹಂಡೆಯಲ್ಲಿ ಬಿಸಿನೀರು, ಜಗಲಿಯಲ್ಲಿ ಒರಗಿಕೊಳ್ಳಲು ನಾಲ್ಕು ಜನಕ್ಕೆ ಜಾಗ, ಚೀಲ ಇಡಲು ಬೀಗವಿರುವ ಕಪಾಟು, ಎಂಟು ಗಂಟೆಗೆ ತಿಂಡಿ. ಇಷ್ಟಿದ್ದರೆ ಸಾಕು. ಹೋಗುವ ದಿನ ಇದೇ ಉಲ್ಟಾ: ಬೆಳಿಗ್ಗೆ 11ಕ್ಕೆ ರೂಮು ಖಾಲಿ ಮಾಡಿಸಿ, ರೈಲು ರಾತ್ರಿ ಇದ್ದರೆ ಅವರು ಆ ಇಡೀ ಮಧ್ಯಾಹ್ನ ಎಲ್ಲಿಗೆ ಹೋಗಬೇಕು? ಸಂಜೆ ಸ್ನಾನ, ಬೇಗ ಊಟ, ಆಮೇಲೆ ಸ್ಟೇಷನ್ನಿಗೆ ಆಟೋ. ಇದನ್ನು ಬುಕಿಂಗ್ ಮೆಸೇಜಿನ ಮೊದಲ ಸಾಲಿನಲ್ಲೇ ಬರೆಯಿರಿ. ಹಗಲೂಟಕ್ಕೆ, ಜಗಲಿಗೆ ಬೇರೆ ದುಡ್ಡು ಹಾಕುವುದಾದರೆ ಅದನ್ನೂ ಅಲ್ಲೇ ಹೇಳಿ.

ಖಾಸಗಿ ಬಸ್ಸುಗಳ ಟೈಮು ಎಲ್ಲೂ ಸಿಗುವುದಿಲ್ಲ. ಅತಿಥಿಗೆ ಏನು ಹೇಳುವುದು?

ಮಲೆನಾಡು ನಿಂತಿರುವುದೇ ಖಾಸಗಿ ಬಸ್ಸುಗಳ ಮೇಲೆ. ಕೊಪ್ಪದಲ್ಲಂತೂ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿಕೊಂಡು ಹತ್ತಾರು ವರ್ಷ ಬಸ್ಸು ಓಡಿಸಿದರು. ಒಳಊರುಗಳ ಬಸ್ಸಿನ ಟೈಮು ಆ್ಯಪ್‌ನಲ್ಲಿ ಸಿಗುವುದಿಲ್ಲ. ಹಾಗಾಗಿ ಚಾರ್ಟ್ ನೀವೇ ಮಾಡಬೇಕು. ಎರಡು ದಿನದ ಕೆಲಸ.

ಒಂದು ಸಾದಾ ವಾರದ ದಿನ, ಒಂದು ಭಾನುವಾರ, ನಿಮ್ಮ ಸ್ಟಾಪಿನಲ್ಲಿ ಬೆಳಿಗ್ಗೆ ಆರರಿಂದ ಸಂಜೆ ಏಳೂವರೆವರೆಗೆ ಯಾರನ್ನಾದರೂ ಕೂರಿಸಿ. ಅಂಗಡಿಯವರೋ ಹಾಲಿನ ಡೇರಿಯವರೋ ಇದ್ದರೆ ಅವರಿಗೆ ಅರ್ಧ ಬಾಯಿಪಾಠ ಇರುತ್ತದೆ. ಬರೆಯಬೇಕಾದದ್ದು: ಬಸ್ಸಿನ ಹೆಸರು, ಎಲ್ಲಿಂದ ಎಲ್ಲಿಗೆ, ಬೋರ್ಡಿನ ಟೈಮಲ್ಲ ನಿಜವಾಗಿ ಬಂದ ಟೈಮು, ಭಾನುವಾರ ಇದೆಯೋ ಇಲ್ಲವೋ. ಶಾಲೆ ರಜೆಯಲ್ಲಿ ಯಾವ ಟ್ರಿಪ್ ಕಟ್ ಆಗುತ್ತದೆ ಅಂತ ಕಂಡಕ್ಟರನ್ನೇ ಕೇಳಿ. ಏಪ್ರಿಲ್, ಮೇನಲ್ಲಿ ಪ್ರವಾಸಿಗರು ಜಾಸ್ತಿ, ಶಾಲಾ ಟ್ರಿಪ್ ಕಮ್ಮಿ. ಹಳೇ ಚಾರ್ಟ್ ನಂಬಿ ಸ್ಟಾಪಿನಲ್ಲಿ ಕಾದವರು ಇನ್ನೊಮ್ಮೆ ಬಸ್ಸಿನ ಹೆಸರೆತ್ತುವುದಿಲ್ಲ. ಜೂನ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ತಿದ್ದಿ.

ಚಾರ್ಟಿನಲ್ಲಿ ಕೊನೆಯ ಬಸ್ಸಿನ ಸಾಲನ್ನು ಕೆಂಪಿನಲ್ಲಿ ಬರೆಯಿರಿ. ಮತ್ತು ಅದಕ್ಕಿಂತ ಒಂದು ಹಿಂದಿನದನ್ನೇ ‘ಕೊನೆಯ ಬಸ್ಸು’ ಅಂತ ಅತಿಥಿಗೆ ಹೇಳಿ.

ಅತಿಥಿಗೆ ಕಳಿಸುವ ಮೆಸೇಜ್ ಹೇಗಿರಬೇಕು?

ಗೂಗಲ್ ಮ್ಯಾಪಿನ ಪಿನ್ ಕಳಿಸಿ ಸುಮ್ಮನಾಗಬೇಡಿ. ಪಿನ್ ಕಾರಿನವರಿಗೆ. ಬಸ್ಸಿನವರಿಗೆ ಬೇಕಾದದ್ದು ಕಂಡಕ್ಟರ್ ಬಾಯಲ್ಲಿರುವ ಸ್ಟಾಪಿನ ಹೆಸರು. ಮ್ಯಾಪಿನಲ್ಲಿ ಊರಿನ ಹೆಸರಿರುತ್ತದೆ, ಕಂಡಕ್ಟರ್ ಕೂಗುವುದು ‘ಮಿಲ್ ಕ್ರಾಸ್’, ‘ಆಲದಮರ’, ‘ಸೊಸೈಟಿ’. ಹೀಗೆ ಬರೆಯಬಹುದು:

‘ನಿಮ್ಮ ರೈಲು ಸಾಗರ ಜಂಬಗಾರು ಸ್ಟೇಷನ್ನಿಗೆ ಬೆಳಿಗ್ಗೆ ಬರುತ್ತದೆ. ಹೊರಗೆ ಆಟೋ ಇರುತ್ತವೆ, ಖಾಸಗಿ ಬಸ್ ಸ್ಟ್ಯಾಂಡ್ ಅನ್ನಿ. ಅಲ್ಲಿ 7.40ರ ಬಸ್ಸು ಹತ್ತಿ, ಹೆಸರು ಕೆಳಗಿನ ಫೋಟೋದಲ್ಲಿದೆ. ಕಂಡಕ್ಟರಿಗೆ “ಮಿಲ್ ಕ್ರಾಸ್, ಹೋಂಸ್ಟೇ” ಅನ್ನಿ. ಅರ್ಧ ಗಂಟೆ ದಾರಿ. ಚಿಲ್ಲರೆ ಇಟ್ಟುಕೊಳ್ಳಿ. ಕ್ರಾಸಿನಲ್ಲಿ ಅಂಗಡಿ ಇದೆ, ಅದರ ಕಟ್ಟೆಯ ಮೇಲೆ ಕೂರಿ. ಆಟೋ 8.20ಕ್ಕೆ ಬರುತ್ತದೆ, ಅದರ ದುಡ್ಡು ಚೆಕ್‌ಔಟ್ ದಿನ ಬಿಲ್ಲಿನಲ್ಲಿ. ಅಲ್ಲಿ ಬಿಎಸ್ಎನ್ಎಲ್ ಮಾತ್ರ ಸಿಗುತ್ತದೆ, ಫೋನ್ ಹತ್ತದಿದ್ದರೆ ಅಂಗಡಿಯವರ ಹತ್ತಿರ ಹೇಳಿ.’

ಇಷ್ಟನ್ನೂ ಹೊರಡುವ ಹಿಂದಿನ ದಿನವೇ ಕಳಿಸಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲು ಹೇಳಿ. ಕನ್ನಡ ಓದಲು ಬಾರದವರಿಗೆ ಬಸ್ಸಿನ ಮುಂದಿನ ಬೋರ್ಡಿನ ಫೋಟೋ ಮತ್ತು ಸ್ಟಾಪಿನ ಹೆಸರನ್ನು ನಿಮ್ಮದೇ ದನಿಯಲ್ಲಿ ಹೇಳಿದ ವಾಯ್ಸ್ ಮೆಸೇಜ್ ಕೊಡಿ. ಅವರು ಅದನ್ನು ಕಂಡಕ್ಟರಿಗೆ ಕೇಳಿಸಿದರೆ ಮುಗಿಯಿತು.

ಸ್ಟಾಪಿನಿಂದ ಮನೆಗೆ ನಮ್ಮ ಕಾರಲ್ಲೇ ಕರೆದುಕೊಂಡು ಬಂದು ದುಡ್ಡು ತಗೊಳ್ಳಬಹುದಾ?

ಬಿಳಿ ಬೋರ್ಡಿನ ಗಾಡಿಯಾದರೆ ಕೂಡದು. ಬಾಡಿಗೆ ತಗೊಂಡು ಜನ ಹತ್ತಿಸಲು ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಪರ್ಮಿಟ್ ಬೇಕು, ಇಲ್ಲದಿದ್ದರೆ 192ಎ ಕಲಂನಲ್ಲಿ ದಂಡವೂ ಇದೆ, ಜೈಲೂ ಇದೆ. ಅದಕ್ಕಿಂತ ದೊಡ್ಡ ತಲೆನೋವು ಇನ್ಶೂರೆನ್ಸಿನದು: ಬಾಡಿಗೆಗೆ ಓಡುವಾಗ ಅಪಘಾತವಾದರೆ ಕ್ಲೇಮು ತಳ್ಳಿಹಾಕಲು ಕಂಪನಿಗೆ ಅಷ್ಟೇ ಸಾಕು. ‘ರೂಮಿನ ಬಿಲ್ಲಿಗೇ ಸೇರಿಸುತ್ತೇವೆ’ ಅನ್ನುವ ಉಪಾಯವೂ ತನಿಖೆಯ ಮುಂದೆ ನಿಲ್ಲುವುದು ಕಷ್ಟ.

ಸರಿಯಾದ ದಾರಿ, ಊರಿನ ಆಟೋದವರ ಜೊತೆ ಮಾತು. ಒಂದು ಮನೆಯಿಂದ ದಿನಕ್ಕೊಂದು ಟ್ರಿಪ್ ಸಿಕ್ಕರೆ ಅವರು ಕಾಯುವುದಿಲ್ಲ. ಅಕ್ಕಪಕ್ಕದ ನಾಲ್ಕೈದು ಹೋಂಸ್ಟೇ ಸೇರಿದರೆ ಕಾಯುತ್ತಾರೆ. ಮಾತಾಡಿಕೊಳ್ಳಬೇಕಾದದ್ದು ಮೂರು ವಿಷಯ: ಯಾವ ಬಸ್ಸಿಗೆ ಬರಬೇಕು, ಬಸ್ಸು ತಡವಾದರೆ ಎಷ್ಟು ಹೊತ್ತು ಕಾಯಬೇಕು (ಅರ್ಧ ಗಂಟೆ ನ್ಯಾಯ), ಹೋಗಿಬರುವ ಒಂದೇ ರೇಟು. ರೇಟು ಮಾತಾಡುವಾಗ ಖಾಲಿ ವಾಪಸ್ ಬರುವ ಕಿಲೋಮೀಟರನ್ನೂ ಲೆಕ್ಕಕ್ಕೆ ಹಿಡಿಯಿರಿ, ಮಣ್ಣುದಾರಿಗೆ ಟೈರು ಬೇಗ ಸವೆಯುತ್ತದೆ. ಚೌಕಾಸಿ ಮಾಡಿ ಇಳಿಸಿದ ರೇಟು ಮಳೆಗಾಲದ ಮೊದಲ ವಾರವೇ ಮುರಿದು ಬೀಳುತ್ತದೆ. ಒಪ್ಪಿದ ರೇಟನ್ನು ಬರೆದು ಮನೆಯ ಗೋಡೆಗೂ ಆಟೋದ ಒಳಗೂ ಅಂಟಿಸಿ. ಆಟೋದಲ್ಲಿ ಡ್ರೈವರ್ ಬಿಟ್ಟು ಮೂರೇ ಜನ ಅನ್ನುವುದನ್ನು ನಾಲ್ಕು ಜನದ ಸಂಸಾರಕ್ಕೆ ಮೊದಲೇ ಹೇಳಿ.

ಶಕ್ತಿ ಯೋಜನೆ ಪ್ರವಾಸಿಗರಿಗೂ ಸಿಗುತ್ತದೆಯೇ?

ಕರ್ನಾಟಕದ ಮಹಿಳೆಯರಿಗೆ ಸಿಗುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತಗೊಳ್ಳಲೇಬೇಕು. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ, ಖಾಸಗಿ ಬಸ್ಸಿಗೂ ಇಲ್ಲ. ಒಳಊರಿಗೆ ಬರುವ ಬಸ್ಸು ಬಹುಪಾಲು ಖಾಸಗಿ, ಆದ್ದರಿಂದ ‘ಪೂರ್ತಿ ಫ್ರೀ’ ಅಂತ ಹೇಳಿ ಕರೆಯಬೇಡಿ.

ಬಂದ ಮೇಲೆ ಸುತ್ತಾಡಲು ಕಾರು ಬೇಕೇ ಬೇಕಲ್ಲ?

ಒಂದೇ ದಿನ ಜೋಗ, ಸಿಗಂದೂರು, ಕೆಳದಿ, ಇಕ್ಕೇರಿ ಎಲ್ಲ ಮುಗಿಸಬೇಕೆನ್ನುವವರಿಗೆ ಬೇಕು. ಆ ಪಟ್ಟಿ ಬರೆದುಕೊಟ್ಟವರು ನೀವೇ ಅನ್ನುವುದು ಬೇರೆ ಮಾತು. ದಿನಕ್ಕೊಂದು ದಿಕ್ಕು ಹಿಡಿದರೆ ಬಸ್ಸು ಸಾಕು. ಸಾಗರದಿಂದ ಜೋಗಕ್ಕೆ ಬಸ್ಸಿಗೆ ಕೊರತೆಯಿಲ್ಲ. ಇಕ್ಕೇರಿ ಸಾಗರದ ತೆಂಕಣಕ್ಕೆ, ಕೆಳದಿ ಬಡಗಣಕ್ಕೆ, ಎರಡೂ ಹತ್ತು ಕಿ.ಮೀ. ಒಳಗೇ. ಆಟೋ ಒಂದನ್ನು ಅರ್ಧ ದಿನಕ್ಕೆ ಮಾತಾಡಿದರೆ ಎರಡೂ ಆಗುತ್ತವೆ. ಶಿವಮೊಗ್ಗದಿಂದ ಸಕ್ರೆಬೈಲಿನ ಆನೆ ಬಿಡಾರ 14 ಕಿ.ಮೀ., ಮಂಡಗದ್ದೆಯ ಹಕ್ಕಿಗಳ ನಡುಗಡ್ಡೆ 30 ಕಿ.ಮೀ., ಎರಡೂ ತೀರ್ಥಹಳ್ಳಿ ಬಸ್ಸಿನ ದಾರಿಯಲ್ಲೇ. ಬಿಡಾರಕ್ಕೆ ಬೆಳಿಗ್ಗೆಯೇ ಹೋಗಬೇಕು, ಆನೆಗಳು ನೀರಿಗಿಳಿಯುವುದು ಆಗ.

ಸಿಗಂದೂರಿನ ದಾರಿ ಮಾತ್ರ ಪೂರ್ತಿ ಬದಲಾಗಿದೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆದ ಮೇಲೆ ಲಾಂಚಿಗೆ ಕಾಯುವ ಪ್ರಮೇಯ ಹೋಯಿತು. ‘ಹೊಳೆಬಾಗಿಲಲ್ಲಿ ಇಳಿದು ಲಾಂಚ್ ಹತ್ತಿ’ ಎನ್ನುವ ಹಳೇ ಮೆಸೇಜ್ ಇನ್ನೂ ಕಳಿಸುತ್ತಿದ್ದರೆ ಅಳಿಸಿ. ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಅದರ ಮೇಲೆ ಕಾರು ನಿಲ್ಲಿಸಿ ಫೋಟೋ ತೆಗೆಯುವವರಿಂದ ಹಿಂದಿನ ಬಸ್ಸು ನಿಲ್ಲುತ್ತದೆ.

ನಾಲ್ಕು ಮನೆಯ ಅತಿಥಿಗಳು ಸೇರಿ ಹತ್ತು ಹನ್ನೆರಡು ಜನ ಆದರೆ ಒಂದು ಟಿಟಿ (ಟೆಂಪೋ ಟ್ರಾವೆಲರ್) ಮಾತಾಡಿ ಜೋಗಕ್ಕೆ ಕಳಿಸಿ. ಹಿಂದಿನ ರಾತ್ರಿ ಎಂಟು ಗಂಟೆಯೊಳಗೆ ಹೆಸರು ಕೊಡಬೇಕು, ಆರು ಜನಕ್ಕಿಂತ ಕಮ್ಮಿಯಾದರೆ ಟ್ರಿಪ್ ಇಲ್ಲ, ಹೀಗೆ ಎರಡು ನಿಯಮ ಇಟ್ಟುಕೊಳ್ಳಿ. ಕಾರಲ್ಲಿ ಬಂದವರನ್ನೂ ಇದಕ್ಕೆ ಹತ್ತಿಸಬಹುದು, ಅವರ ಕಾರು ಅಂಗಳದಲ್ಲೇ ಇರಲಿ.

ಕೊಡಚಾದ್ರಿಗೆ?

ಜೀಪು ದಾರಿ ಕಲ್ಲುಕಲ್ಲು, ಮೇಲಿನವರೆಗೆ ಸಾದಾ ಕಾರು ಹೋಗುವುದಿಲ್ಲ. ಜೀಪು ತುಂಬಿ ಹೋಗುವಂತೆ ನೋಡಿಕೊಳ್ಳಿ. ಇಬ್ಬರಿಗೇ ಇಡೀ ಜೀಪು ಮಾತಾಡಿಕೊಟ್ಟರೆ ಅವರಿಗೂ ದುಬಾರಿ, ಬೆಟ್ಟಕ್ಕೂ ಒಂದು ಟ್ರಿಪ್ ಜಾಸ್ತಿ. ಕಾಲಿನಲ್ಲಿ ಬಲವಿರುವವರಿಗೆ ಹಿಡ್ಲುಮನೆ ಜಲಪಾತದ ಮೇಲಿನ ಕಾಲುದಾರಿ ಇದೆ, ಮಳೆಗಾಲದಲ್ಲಿ ಬೇಡ.

ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು ಇಲ್ಲವೇ?

ಇಲ್ಲ. 14 ತಿರುವುಗಳ ಆ ಘಾಟಿಯಲ್ಲಿ ಭಾರಿ ಗಾಡಿಗೆ ಅವಕಾಶವಿಲ್ಲ, ಉಡುಪಿ ಕಡೆಯಿಂದ ಬರುವುದು ಮಿನಿ ಬಸ್ಸು. ದೊಡ್ಡ ಸೂಟ್‌ಕೇಸಿಗೆ ಅದರಲ್ಲಿ ಜಾಗ ಕಷ್ಟ ಅಂತ ಅತಿಥಿಗೆ ತಿಳಿಸಿ, ಬೆನ್ನಿಗೆ ಹಾಕುವ ಚೀಲವೇ ಒಳ್ಳೆಯದು. ದೊಡ್ಡ ಗಾಡಿಗಳು ಹುಲಿಕಲ್ ಘಾಟಿ ಬಳಸುತ್ತವೆ.

ಸ್ವಂತ ಗಾಡಿಯಲ್ಲಿ ಬರುವವರಿಗೆ ಒಂದು ಮಾತು ಕಡ್ಡಾಯ: ಘಾಟಿಯಲ್ಲಿ ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು, ಬಾಳೆಹಣ್ಣು ಹಾಕಬೇಡಿ. ತಿನ್ನುವುದು ರಸ್ತೆಗೆ ಬರುತ್ತದೆ ಅಂತ ಗೊತ್ತಾದ ಮೇಲೆ ಅವು ಮರದ ಮೇಲೆ ಉಳಿಯುವುದಿಲ್ಲ, ಮುಂದಿನ ತಿರುವಿನಲ್ಲಿ ಬರುವ ಗಾಡಿಗೆ ಸಿಕ್ಕುತ್ತವೆ. ಮರದ ತುದಿಯಲ್ಲೇ ಬದುಕಬೇಕಾದ ಸಿಂಗಳೀಕಕ್ಕೂ ಇದೇ ಗತಿಯಾಗುತ್ತದೆ.

ಅತಿಥಿ ಎಲೆಕ್ಟ್ರಿಕ್ ಕಾರು ತಂದರೆ ಮನೆಯ ಪ್ಲಗ್ಗಿಗೆ ಹಾಕಬಹುದಾ?

ಹಾಕಬಹುದು, ಆದರೆ ಕಂಡಕಂಡ ಪ್ಲಗ್ಗಿಗೆ ಅಲ್ಲ. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ ಸುಮಾರು 3 ಕಿಲೋವ್ಯಾಟ್‌ನದು, 13ರಿಂದ 15 ಆಂಪ್ ಎಳೆಯುತ್ತದೆ, ಅದೂ ರಾತ್ರಿಯಿಡೀ. ಗ್ರೈಂಡರ್ ಹತ್ತು ನಿಮಿಷ ಎಳೆಯುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಬೇಕಾದದ್ದು: ಮೇನ್ ಬೋರ್ಡಿನಿಂದ ನೇರ ಬಂದ ಬೇರೆಯೇ ಲೈನು, 16 ಆಂಪಿನ ದಪ್ಪ ಪಿನ್ನಿನ ಸಾಕೆಟ್, ಅದಕ್ಕೇ ಒಂದು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು), ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ತಂತಿ 4 ಚದರ ಮಿಲಿಮೀಟರಿನದು ಹಾಕಿಸಿ. 2.5ರದ್ದು ಹತ್ತಿರದ ಗೋಡೆಗೆ ನಡೆಯುತ್ತದೆ, ಆದರೆ ಕಾರು ನಿಲ್ಲುವುದು ಕೊಟ್ಟಿಗೆಯ ಪಕ್ಕದಲ್ಲಿ, ಮೇನ್ ಬೋರ್ಡಿನಿಂದ ಮೂವತ್ತು ನಲವತ್ತು ಮೀಟರ್ ದೂರ. ಅಷ್ಟು ದೂರದಲ್ಲಿ ವೋಲ್ಟೇಜ್ ಬೀಳುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ, ಬೆಳಗಾಗುವುದರೊಳಗೆ ಕರಗಿ ಕಪ್ಪಾಗಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಅರ್ತ್. ಹಳೇ ಮನೆಗಳಲ್ಲಿ ಮೂರನೇ ಪಿನ್ನಿಗೆ ತಂತಿಯೇ ಇರುವುದಿಲ್ಲ. ಚಾರ್ಜರ್ ಅದನ್ನು ಗುರುತಿಸಿ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಜಂಬಿಟ್ಟಿಗೆ ನೆಲದಲ್ಲಿ ಇನ್ನೊಂದು ತಮಾಷೆ: ಆಗಸ್ಟ್‌ನಲ್ಲಿ ಸರಿಯಿದ್ದ ಅರ್ತ್ ಏಪ್ರಿಲ್‌ನಲ್ಲಿ ಕೈಕೊಡುತ್ತದೆ, ನೆಲ ಒಣಗಿ ಕರೆಂಟು ಹರಿಯುವುದಿಲ್ಲ. ಅರ್ತ್ ಗುಂಡಿಯನ್ನು ಬಚ್ಚಲ ನೀರು ಹರಿಯುವ ಕಡೆ ತೋಡಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಸುರಿಯಿರಿ. ಮೊದಲ ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಫೇಸ್–ನ್ಯೂಟ್ರಲ್ ನಡುವೆ 230 ಇದ್ದರೆ ಫೇಸ್–ಅರ್ತ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು, ನ್ಯೂಟ್ರಲ್–ಅರ್ತ್ ನಡುವೆ ಐದು ವೋಲ್ಟ್ ಒಳಗಿರಬೇಕು. ಕೆಲವು ಎಲೆಕ್ಟ್ರಿಷಿಯನ್ನರು ನ್ಯೂಟ್ರಲ್ಲನ್ನೇ ಅರ್ತ್ ಪಿನ್ನಿಗೆ ಜಂಪರ್ ಹಾಕಿ ಕೆಂಪು ದೀಪ ಆರಿಸಿ ಕೊಡುತ್ತಾರೆ. ಹೊರಗೆ ಎಲ್ಲಾದರೂ ನ್ಯೂಟ್ರಲ್ ತುಂಡಾದರೆ ಕಾರಿನ ಮೈಗೆ ಕರೆಂಟು ಬರುತ್ತದೆ. ಮಾಡಲು ಬಿಡಬೇಡಿ.

ವೋಲ್ಟೇಜ್ ಕಮ್ಮಿಯಿದ್ದರೆ ಕಾರಿನಲ್ಲೋ ಚಾರ್ಜರಿನಲ್ಲೋ ಆಂಪ್ ಇಳಿಸುವ ಆಯ್ಕೆ ಇದೆಯಾ ಅಂತ ಅತಿಥಿಯನ್ನು ಕೇಳಿ, 10 ಆಂಪಿಗೆ ಇಟ್ಟರೆ ನಿಧಾನವಾದರೂ ನಿಲ್ಲದೆ ತುಂಬುತ್ತದೆ. ತೋಟಗಳಿಗೆ ತ್ರೀಫೇಸ್ ಕೊಡುವ ಹೊತ್ತಿನಲ್ಲಿ ಎಲ್ಲರ ಪಂಪೂ ಒಟ್ಟಿಗೆ ಶುರುವಾಗಿ ಲೈನಿನ ಕೊನೆಯ ಮನೆಯಲ್ಲಿ ಬಲ್ಬೇ ಮಂಕಾಗುತ್ತದೆ, ಆ ಹೊತ್ತು ತಪ್ಪಿಸಿ. ಯುಪಿಎಸ್ ಲೈನಿಗೆ ಯಾವ ಕಾರಣಕ್ಕೂ ಹಾಕಬೇಡಿ. ಜನರೇಟರ್ ಹಚ್ಚಿ ಕಾರು ಚಾರ್ಜ್ ಮಾಡಿದರೆ ಡೀಸೆಲ್ ಕಾರಿಗಿಂತ ಹೆಚ್ಚು ಹೊಗೆ. ಮಳೆಗಾಲದಲ್ಲಿ ‘ನಾಳೆ ರಾತ್ರಿ ಹಾಕೋಣ’ ಅನ್ನುವುದು ಬೇಡ, ಬಂದ ತಕ್ಷಣ ಹಾಕಿ. ನಾಳೆ ರಾತ್ರಿ ಕರೆಂಟು ಇರುತ್ತದೆ ಅಂತ ಮೆಸ್ಕಾಂನವರೂ ಹೇಳಲಾರರು.

ಕರೆಂಟ್ ಬಿಲ್ಲು ಯಾರು ಕಟ್ಟಬೇಕು?

ಅತಿಥಿಯೇ. ಆ ಸಾಕೆಟ್ಟಿಗೆ ಸಣ್ಣ ಸಬ್‌ಮೀಟರ್ ಹಾಕಿಸಿ, ಮೊದಲು ಮತ್ತು ಆಮೇಲೆ ಫೋಟೋ ತೆಗೆಯಿರಿ. ಒಂದು ರಾತ್ರಿಗೆ 25–30 ಯೂನಿಟ್ ಹೋಗುತ್ತದೆ. ಗೃಹಜ್ಯೋತಿಯಲ್ಲಿರುವ ಮನೆಯಾದರೆ ಎಚ್ಚರ: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ, ಮೂರ್ನಾಲ್ಕು ಕಾರಿಗೇ ಆ ಗೆರೆ ದಾಟಬಹುದು. ಪಂಪ್‌ಸೆಟ್ಟಿನ ಉಚಿತ ಕರೆಂಟಿನಿಂದ ಚಾರ್ಜ್ ಮಾಡುವುದು ಕಾನೂನುಬಾಹಿರ.

ಘಾಟಿ ಹತ್ತುವಾಗ ಬ್ಯಾಟರಿ ಖಾಲಿಯಾಗುತ್ತದೆ ಅಂತ ಹೆದರುತ್ತಾರೆ.

1,700 ಕಿಲೋ ತೂಕದ ಕಾರು 500 ಮೀಟರ್ ಮೇಲೇರಲು ಬೇಕಾಗುವ ಶಕ್ತಿ 2.3 ಯೂನಿಟ್. ಸೋರಿಕೆ ಸೇರಿಸಿದರೆ ಮೂರು ಅನ್ನಿ. 30 ಯೂನಿಟ್ಟಿನ ಬ್ಯಾಟರಿಯಲ್ಲಿ ಹತ್ತನೇ ಒಂದು ಭಾಗ. ಹತ್ತುವುದಕ್ಕಿಂತ ಇಳಿಯುವುದರಲ್ಲೇ ಗಮನ ಬೇಕು. ಇಳಿಯುವಾಗ ಮೋಟರೇ ಗಾಡಿಯನ್ನು ತಡೆದು ಬ್ಯಾಟರಿಗೆ ಕರೆಂಟು ತುಂಬುತ್ತದೆ. ಬ್ಯಾಟರಿ ಮೊದಲೇ ತುಂಬಿದ್ದರೆ ಅದಕ್ಕೆ ಜಾಗವಿರುವುದಿಲ್ಲ, ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಅದು ಬಿಸಿಯಾಗುತ್ತದೆ. ಮನೆ ಘಾಟಿಯ ಮೇಲಿದ್ದು, ಅತಿಥಿ ಬೆಳಿಗ್ಗೆ ಕೆಳಗಿಳಿಯುವುದಾದರೆ ಶೇಕಡಾ 85–90ಕ್ಕೆ ಚಾರ್ಜ್ ನಿಲ್ಲಿಸಲು ಹೇಳಿ.

ಬಾಡಿಗೆಗೆ ಸೈಕಲ್ ಇಡುವುದಾದರೆ ಎಂಥದ್ದು, ಎಷ್ಟು?

ನಾಲ್ಕು ರೂಮಿಗೆ ನಾಲ್ಕು ಸೈಕಲ್: ಮಧ್ಯಮ ಅಳತೆಯವು ಎರಡು, ದೊಡ್ಡದೊಂದು, ಹನ್ನೆರಡು ವರ್ಷದ ಮಕ್ಕಳಿಗೊಂದು. ಗೇರಿಲ್ಲದ್ದು ನಮ್ಮ ಏರಿಗೆ ಉಪಯೋಗವಿಲ್ಲ. ಪೆಡಲ್ ಹತ್ತಿರದ ಚಕ್ರದಲ್ಲಿ ಸಣ್ಣ ಹಲ್ಲುಗಾಲಿ ಇರಲೇಬೇಕು. ಮುಂದಿನ ಶಾಕ್ ಅಬ್ಸಾರ್ಬರ್ ನೋಡಿ ಮರುಳಾಗಬೇಡಿ, ಅಗ್ಗದ ಸೈಕಲ್ಲಿನಲ್ಲಿ ಅದು ಬರೀ ಭಾರ. ಆ ದುಡ್ಡಿಗೆ ಡಿಸ್ಕ್ ಬ್ರೇಕ್ ಬರಲಿ. ರಿಮ್ ಹಿಡಿಯುವ ಬ್ರೇಕಿಗೆ ಕೆಮ್ಮಣ್ಣಿನ ನೀರು ತಾಗಿದರೆ ರಬ್ಬರ್ ಉಜ್ಜುಕಾಗದಕ್ಕೆ ತಿಕ್ಕಿದಂತೆ ಸವೆಯುತ್ತದೆ, ಇಳಿಜಾರಿನ ನಡುವೆ ಹಿಡಿತ ಬಿಡುತ್ತದೆ.

ಕಪಾಟಿನಲ್ಲಿರಬೇಕಾದದ್ದು: ಎರಡು ಬಿಡಿ ಟ್ಯೂಬು, ಪಂಚರ್ ಕಿಟ್, ಟೈರ್ ಎಬ್ಬಿಸುವ ಲಿವರ್, ಪಂಪು, 4, 5, 6ರ ಅಲೆನ್ ಕೀ, 15ರ ಸ್ಪ್ಯಾನರ್, ಒಂದು ಜೊತೆ ಬ್ರೇಕ್ ಪ್ಯಾಡ್, ಚೈನಿನ ಎಣ್ಣೆ. ಪಂಪಿನ ಮೂತಿ ಟ್ಯೂಬಿನ ವಾಲ್ವಿಗೆ ಹೊಂದುತ್ತದೆಯಾ ಅಂತ ಕೊಳ್ಳುವ ದಿನವೇ ನೋಡಿ. ಮಳೆಗಾಲದಲ್ಲಿ ಚೈನ್ ಎರಡೇ ದಿನಕ್ಕೆ ತುಕ್ಕು ಹಿಡಿಯುತ್ತದೆ. ಒರೆಸಿ, ಒಂದೊಂದು ಕೊಂಡಿಗೆ ಒಂದು ಹನಿ, ಹೆಚ್ಚಾದದ್ದನ್ನು ಮತ್ತೆ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಮಣ್ಣು ಹಿಡಿಯುತ್ತದೆ. ಕೊಡುವ ಮೊದಲು ಮೂರು ನಿಮಿಷದ ಪರೀಕ್ಷೆ: ಹೆಬ್ಬೆರಳಲ್ಲಿ ಟೈರ್ ಒತ್ತಿ, ಮುಂದಿನ ಬ್ರೇಕ್ ಹಿಡಿದು ಮುಂದಕ್ಕೆ ನೂಕಿ, ಚಕ್ರ ಎತ್ತಿ ತಿರುಗಿಸಿ. ಹೆಲ್ಮೆಟ್ ಇಲ್ಲದೆ ಅಂಗಳ ದಾಟಿಸಬೇಡಿ.

ದಾರಿ 20 ಕಿ.ಮೀ. ಒಳಗಿರಲಿ, ಹೆದ್ದಾರಿ ಬಿಟ್ಟು ಒಳರಸ್ತೆ, ಹೋಗುವಾಗ ಏರು ಬರುವಾಗ ಇಳಿಜಾರು. ದಣಿದವರು ವಾಪಸ್ ಬರುವುದು ಮುಖ್ಯ. ಸಂಜೆ ಐದೂವರೆಯೊಳಗೆ ಮನೆಯಲ್ಲಿರಬೇಕು. ಮುಸ್ಸಂಜೆಗೆ ಕಾಟಿಗಳು (ಕಾಡುಕೋಣಗಳು) ರಸ್ತೆಗೆ ಬರುತ್ತವೆ, ಸದ್ದಿಲ್ಲದ ಸೈಕಲ್ ಅವಕ್ಕೆ ಹತ್ತಿರ ಬರುವವರೆಗೆ ಗೊತ್ತಾಗುವುದಿಲ್ಲ.

ಅತಿಥಿ ತಮ್ಮದೇ ಸೈಕಲ್ ರೈಲಿನಲ್ಲಿ ತರಬಹುದಾ?

ಲಗೇಜ್ ವ್ಯಾನಿನಲ್ಲಿ ಬುಕ್ ಮಾಡಿ ತರಬಹುದು. ಹೊರಡುವ ಸ್ಟೇಷನ್ನಿನ ಪಾರ್ಸಲ್ ಆಫೀಸಿಗೆ ಒಂದೆರಡು ಗಂಟೆ ಮೊದಲೇ ಹೋಗಬೇಕು. ಗೇರಿನ ಭಾಗಕ್ಕೆ ರಟ್ಟು ಕಟ್ಟಿ, ಹೆಸರು, ಫೋನ್, ಇಳಿಯುವ ಸ್ಟೇಷನ್ ಬರೆದ ಚೀಟಿ ಎರಡು ಕಡೆ ಅಂಟಿಸಬೇಕು. ರೈಲು ಒಂದೆರಡೇ ನಿಮಿಷ ನಿಲ್ಲುವ ಸ್ಟೇಷನ್ನಿಗೆ ಬುಕ್ ಮಾಡಿಕೊಳ್ಳುವುದು ಅನುಮಾನ. ತಾಳಗುಪ್ಪ ಲೈನಿನ ಕೊನೆ, ರೈಲು ಮುಂದಕ್ಕೆ ಹೋಗುವುದಿಲ್ಲ, ಇಳಿಸಿಕೊಳ್ಳಲು ಅವಸರವಿಲ್ಲ. ಮಡಚುವ ಸೈಕಲ್ಲಾದರೆ ಚೀಲಕ್ಕೆ ಹಾಕಿ ಸೀಟಿನಡಿ.

ಮಳೆಗಾಲದಲ್ಲಿ ಇದೆಲ್ಲ ನಡೆಯುತ್ತದೆಯೇ?

ಅರ್ಧ ನಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ರೈಲು, ಮುಖ್ಯ ರಸ್ತೆಯ ಬಸ್ಸು ನಿಲ್ಲುವುದು ಅಪರೂಪ. ನಿಲ್ಲುವುದು ಒಳದಾರಿ: ಮರ ಬೀಳುತ್ತದೆ, ಧರೆ ಕುಸಿಯುತ್ತದೆ, ಸಂಕದ ಮೇಲೆ ನೀರು ಹರಿಯುತ್ತದೆ. ಆಗ ಕಾರಿನವರೂ ಸಿಕ್ಕಿಬೀಳುತ್ತಾರೆ, ಬಸ್ಸಿನವರೇ ವಾಸಿ, ಯಾವ ದಾರಿ ಬಂದ್ ಆಗಿದೆ ಅಂತ ಡ್ರೈವರಿಗೆ ಮೊದಲೇ ಗೊತ್ತಿರುತ್ತದೆ. ಸೈಕಲ್ ಒಳಗಿಡಿ. ಸ್ಟಾಪಿನ ಅಂಗಡಿಯಲ್ಲಿ ನಿಮ್ಮ ಮನೆಯ ಹೆಸರು ಬರೆದ ಎರಡು ದೊಡ್ಡ ಕೊಡೆ ಇಟ್ಟಿರಿ.

ವಯಸ್ಸಾದವರು, ಕೈಗೂಸು ಇರುವವರು?

ಅವರನ್ನು ಒತ್ತಾಯಿಸಬೇಡಿ. ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕರೆ ಸಂತೋಷ, ಸ್ಟೇಷನ್ನಿನಿಂದ ನೇರ ಹಳದಿ ಬೋರ್ಡಿನ ಟ್ಯಾಕ್ಸಿ ಮಾತಾಡಿ ಕೊಡಿ. ಮುನ್ನೂರು ಚಿಲ್ಲರೆ ಕಿಲೋಮೀಟರ್ ರೈಲಿನಲ್ಲಿ ಬಂದು ಮೂವತ್ತು ಕಿಲೋಮೀಟರ್ ಟ್ಯಾಕ್ಸಿಯಲ್ಲಿ ಹೋದರೂ ಲೆಕ್ಕದಲ್ಲಿ ಲಾಭವೇ.

ಕೊನೆಯ ಬಸ್ಸು ತಪ್ಪಿದರೆ?

ತಪ್ಪುತ್ತದೆ. ರಾತ್ರಿ ಹತ್ತರವರೆಗೆ ಫೋನೆತ್ತುವ ಇಬ್ಬರು ಆಟೋದವರ ಮತ್ತು ಒಬ್ಬ ಟ್ಯಾಕ್ಸಿಯವರ ನಂಬರನ್ನು, ರಾತ್ರಿ ರೇಟು ಸಮೇತ, ಅವರ ಒಪ್ಪಿಗೆ ಕೇಳಿ ಆ ಮೊದಲ ಮೆಸೇಜಿನ ಕೊನೆಗೇ ಹಾಕಿರಿ. ಅದೂ ಆಗದಿದ್ದರೆ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜ್ ಒಂದರ ಹೆಸರು ಕೊಟ್ಟಿರಿ. ನಿಮ್ಮ ಕಡೆಯ ತಪ್ಪಿನಿಂದ ಬಸ್ಸು ತಪ್ಪಿದ್ದರೆ, ಅಂದರೆ ಚಾರ್ಟ್ ಹಳೆಯದಾಗಿದ್ದರೆ, ಟ್ಯಾಕ್ಸಿ ದುಡ್ಡು ನೀವೇ ಕೊಡಿ, ಮರುದಿನ ಬೆಳಿಗ್ಗೆ ಚಾರ್ಟ್ ತಿದ್ದಿ.